ಓಣಿ ಯಾರದು

ಬೀಗ ಸಣ್ಣದು. ಹೆಬ್ಬೆರಳಿನಷ್ಟು. ಮಕ್ಕಳ ಟ್ರಂಕಿಗೆ ಹಾಕುವಂಥದ್ದು. ಆದರೆ ಅದು ನೇತಾಡುತ್ತಿದ್ದದ್ದು ಓಣಿಯ ಗೇಟಿಗೆ. ಆ ಗೇಟಿಗೆ ಬೀಗ ಬಿದ್ದದ್ದನ್ನು ಬೀದಿಯಲ್ಲಿ ಹುಟ್ಟಿ ಬೆಳೆದ ಯಾರೂ ಕಂಡಿರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಕಸದ ಬುಟ್ಟಿ ಹಿಡಿದು ಹಿಂಬಾಗಿಲಿನಿಂದ ಓಣಿಗೆ ಇಳಿದ ರಿಪೇರಿ ಅದನ್ನು ನೋಡಿದ. ಹೊಲಿಗೆ ಯಂತ್ರಗಳನ್ನು ಬಿಚ್ಚಿ ಜೋಡಿಸುವುದು ಅವನ ಕಸುಬು. ಬೀದಿಯವರು ಅವನ ಹೆಸರನ್ನು ಬಿಟ್ಟು ಬಹಳ ವರ್ಷವಾಗಿತ್ತು. ಹಿರಿಯರಿಗೆ ರಿಪೇರಿ, ಕಿರಿಯರಿಗೆ ರಿಪೇರಿಯಣ್ಣ. ಸಾಸಿವೆಯಷ್ಟು ಸಣ್ಣ ಸ್ಕ್ರೂವಿನ ಜೊತೆ ಮುಕ್ಕಾಲು ಗಂಟೆ ತಾಳ್ಮೆಯಿಂದ ಕೂರಬಲ್ಲ ಆತನಿಗೆ ಮನುಷ್ಯರ ಜೊತೆ ಮುಕ್ಕಾಲು ನಿಮಿಷದ ತಾಳ್ಮೆ ಇರಲಿಲ್ಲ. ಕೋಪ ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು. ಆಮೇಲೆ ಕತ್ತು. ಆಮೇಲೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು.

"ಮಿಸ್!" ಎಂದು ಕೂಗಿದ.

ಓಣಿಯ ಆಚೆ ಮಗ್ಗುಲಿನ ಕಿಟಕಿ ತೆರೆಯಿತು, ಕೂಗಿಗೇ ಕಾಯುತ್ತಿತ್ತೇನೋ ಅನ್ನುವಷ್ಟು ಬೇಗ. ಕಂಬಿಗಳ ಹಿಂದೆ ಹೆಡ್‌ಮಿಸ್ ಮುಖ ಕಂಡಿತು. ಶಾಲೆಯಿಂದ ನಿವೃತ್ತಿಯಾಗಿ ಹತ್ತು ವರ್ಷವಾದರೂ ಬೀದಿಯ ಅರ್ಧ ಜನರನ್ನು ಈಗಲೂ ಬೆಂಚಿನ ಮೇಲೆ ನಿಲ್ಲಿಸಬಲ್ಲ ಮುಖ. ಆ ಅರ್ಧ ಜನರಲ್ಲಿ ರಿಪೇರಿಯೂ ಒಬ್ಬ, ಮೂರನೇ ಕ್ಲಾಸಿನಲ್ಲಿ.

"ಏನೋ ಅದು ಬೆಳಿಗ್ಗೆ ಬೆಳಿಗ್ಗೆ?"

"ಈ ಬೀಗ ಯಾರು ಹಾಕಿದ್ದು?"

"ನಾನೇ."

"ಯಾಕೆ?"

"ನನ್ನ ಗೋಡೆ ಪಕ್ಕದ ಓಣಿ. ನನ್ನಿಷ್ಟ."

"ನಿಮ್ಮ ಗೋಡೆ ಪಕ್ಕ ಇದ್ರೆ ನನ್ನ ಗೋಡೆ ಪಕ್ಕ ಇಲ್ವಾ? ಇದು ನಮ್ಮ ಓಣಿ! ನಮ್ಮಜ್ಜನ ಕಾಲದಿಂದ—"

"ನಿಮ್ಮಜ್ಜ ಬಂದು ಸಾಕ್ಷಿ ಹೇಳ್ತಾರಾ? ಇಲ್ವಲ್ಲ. ಕಾಗದ ತೋರ್ಸು. ಸರ್ಕಾರಿ ಮೊಹರು ಬಿದ್ದಿರೋ ಕಾಗದ. ತಂದು ತೋರ್ಸಿದ ನಿಮಿಷ ಕೀ ಕೊಡ್ತೀನಿ."

"ಕಾಗದ ತರಲ್ಲ, ಏನ್ ಮಾಡ್ತೀರಾ?"

"ನಿನ್ನ ಕೈಲಿ ಆಗಲ್ಲ ಬಿಡು. ಮೂರನೇ ಕ್ಲಾಸಲ್ಲಿ ಏಳರ ಮಗ್ಗಿನೂ ಆಗಿರ್ಲಿಲ್ಲ."

ಕಿಟಕಿ ಮುಚ್ಚಿತು. ರಿಪೇರಿಯ ಕಿವಿಗಳು ಆಗಲೇ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು.

ಒಳಗೆ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸೊಂಟದ ಮೂಳೆ ಮುರಿದು ಗಾಲಿಕುರ್ಚಿಗೆ ಬಿದ್ದ ಎಂಟು ತಿಂಗಳಿಂದ ಅವಳ ಕಿವಿ ಮೊದಲಿಗಿಂತ ಚುರುಕಾಗಿತ್ತು. ಮನೆಯ ಮುಂಬಾಗಿಲಿಗೆ ಹನ್ನೊಂದು ಮೆಟ್ಟಿಲು. ಹಿಂಬಾಗಿಲಿಗೆ ಒಂದೂ ಇಲ್ಲ. ಹೊಸ್ತಿಲಿಗೆ ಒಂದು ಹಲಗೆ ಇಟ್ಟರೆ ಕುರ್ಚಿ ನೇರ ಓಣಿಗೆ, ಓಣಿಯಿಂದ ರಸ್ತೆಗೆ, ರಸ್ತೆಯಿಂದ ಮೂಲೆಯ ಮರದ ಕೆಳಗೆ. ದಿನಾ ಸಂಜೆ ಐದರಿಂದ ಆರರವರೆಗೆ ಅಮ್ಮ ಅಲ್ಲಿರುತ್ತಿದ್ದಳು. ಹೋಗಿಬರುವವರನ್ನು ಮಾತಾಡಿಸುತ್ತಿದ್ದಳು, ನಿಲ್ಲದೆ ಹೋದವರನ್ನು ಬೈಯುತ್ತಿದ್ದಳು. ಉಳಿದ ಇಪ್ಪತ್ತಮೂರು ಗಂಟೆ ಆ ಒಂದು ಗಂಟೆಗಾಗಿ ಕಾಯುವುದು ಅವಳ ಕೆಲಸ. ಮುಂದಿನ ಮೆಟ್ಟಿಲಿನಿಂದ ಎತ್ತಿಕೊಂಡು ಇಳಿಸುತ್ತೇವೆಂದು ಒಮ್ಮೆ ನಾಲ್ಕು ಜನ ಬಂದಿದ್ದರು. ನಾಲ್ವರನ್ನೂ ಬೈದು ಕಳಿಸಿದ್ದಳು. ನಾಲ್ಕು ಜನ ಹೊತ್ತುಕೊಂಡು ಹೋಗುವ ದಿನ ಹೇಗೂ ಬರುತ್ತದೆ, ಅದಕ್ಕೆ ಈಗಲೇ ಅಭ್ಯಾಸ ಬೇಡ ಎಂದಿದ್ದಳು.

"ಐದು ಗಂಟೆಗೆ ನನ್ನ ಕರ್ಕೊಂಡು ಹೋಗ್ತೀಯೋ ಇಲ್ವೋ?" ಎಂದಳು ಈಗ. ಅಷ್ಟೇ ಕೇಳಿದಳು.

"ಹೋಗ್ತೀನಿ."

"ಬೀಗ?"

"ಐದು ಗಂಟೆಗೆ ಆ ಓಣಿಲಿ ನಿನ್ನ ಕುರ್ಚಿ ಉರುಳದಿದ್ರೆ ನಾನು ಈ ಕಸುಬು ಬಿಟ್ಟೆ ಅಂತ ತಿಳ್ಕೊ."

ಬೀಗ ತೆಗೆಯುವುದು ಅವನಿಗೆ ಎರಡು ನಿಮಿಷದ ಕೆಲಸ. ಸ್ಕ್ರೂಡ್ರೈವರ್ ಹಿಡಿದು ಗೇಟಿನ ಹತ್ತಿರ ಹೋಗಿಯೂ ಇದ್ದ. ಆಚೆ ಕಡೆಯಿಂದ, ರಸ್ತೆಯ ಮೂಲೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟವನು ಓಡಿ ಬಂದ.

"ಅಣ್ಣ, ಅಣ್ಣ! ಮುಟ್ಬೇಡಿ. ಮೇಲೆ ನೋಡಿ."

ಮೇಲೆ ನೋಡಿದರೆ ಹೆಡ್‌ಮಿಸ್ ಮಹಡಿಯಲ್ಲಿ ನಿಂತು ಫೋನನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದಿದ್ದರು.

"ವಿಡಿಯೋ ಆಗ್ತಾ ಇದೆ. ಬೀಗ ಒಡೆದ್ರಿ ಅಂದ್ರೆ ಪೊಲೀಸ್ ಕೇಸು, ನೀವೇ ಕಳ್ಳ. ಕಾಗದ ತಂದ್ರಿ ಅಂದ್ರೆ ಅವರೇ ಕಳ್ಳಿ. ಯಾವುದು ಬೇಕು ಹೇಳಿ?"

ರಿಪೇರಿಗೆ ಎರಡನೆಯದು ಬಹಳ ಹಿಡಿಸಿತು.

"ಆಸ್ತಿ ದಾಖಲೆ ಕಚೇರಿ ಹತ್ತು ಗಂಟೆಗೆ ತೆಗೀತಾರೆ," ಎಂದ ಇಸ್ತ್ರಿಯವನು. "ನಾನೂ ಬರ್ತೀನಿ ನಡೀರಿ. ಇಂಥ ಅನ್ಯಾಯ ನೋಡ್ಕೊಂಡು ನನ್ ಕೈಲಿ ಇಸ್ತ್ರಿ ಮಾಡೋಕಾಗಲ್ಲ."

ಇಸ್ತ್ರಿಯವನು ಇನ್ನೊಬ್ಬರ ಕಷ್ಟಕ್ಕೆ ಅಂಗಡಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ರಿಪೇರಿ ಅದನ್ನು ಯೋಚಿಸಲಿಲ್ಲ. ಕೋಪದ ಒಂದು ಗುಣವೆಂದರೆ ಅದು ಒಂದೇ ಕಡೆ ನೋಡುತ್ತದೆ.

ಕಚೇರಿಯ ಮೂರನೇ ಕೌಂಟರಿನ ಗುಮಾಸ್ತನ ಕಣ್ಣುಗಳು ಅರ್ಧ ಇಳಿಸಿದ ಶಟರಿನಂತೆ ಇದ್ದವು. ಒಳಗೆ ಯಾರೋ ಇದ್ದಾರೆ, ಆದರೆ ವ್ಯಾಪಾರವಿಲ್ಲ.

"ಏನ್ರೀ?"

"ನಮ್ಮ ಮನೆ ಕ್ರಯಪತ್ರದ ನಕಲು ಬೇಕು. ನಮ್ಮಜ್ಜ ಕೊಂಡಿದ್ದು."

"ಯಾವ ವರ್ಷ?"

"ಅಜ್ಜನ ಕಾಲದಲ್ಲಿ."

"ಅಜ್ಜ ಅನ್ನೋದು ವರ್ಷ ಅಲ್ಲ."

"ವರ್ಷ ಗೊತ್ತಿಲ್ಲ."

"ಹಂಗಾದ್ರೆ ಪತ್ರದ ನಂಬರ್ ಕೊಡಿ."

"ನಂಬರ್ ಪತ್ರದಲ್ಲಿ ತಾನೇ ಇರೋದು?"

"ಹೌದು."

"ಪತ್ರ ಇಲ್ಲ ಅಂತ ತಾನೇ ನಾನು ಬಂದಿರೋದು?"

"ಹೌದು."

"ಮತ್ತೆ ನಂಬರ್ ಎಲ್ಲಿಂದ ತರ್ಲಿ?"

"ಪತ್ರದಲ್ಲಿರುತ್ತೆ ನೋಡಿ," ಎಂದ ಗುಮಾಸ್ತ. "ಮುಂದಿನವರು ಬನ್ನಿ."

ಮುಂದಿನವರು ಬರಲಿಲ್ಲ. ರಿಪೇರಿ ಕೌಂಟರಿನ ಮೇಲೆ ಗುದ್ದಿದ ಗುದ್ದಿಗೆ ಶಾಯಿಯ ಪ್ಯಾಡು ಎಗರಿ ಗುಮಾಸ್ತನ ಅಂಗಿಯ ಮೇಲೆ ಮೊಹರು ಹಾಕಿತು. ಇಡೀ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. ಗುಮಾಸ್ತ ತನ್ನ ಎದೆಯನ್ನು ನೋಡಿಕೊಂಡ. ಆಮೇಲೆ, ಹದಿನೈದು ವರ್ಷದ ನೌಕರಿಯಲ್ಲಿ ಯಾರಿಗೂ ಹೇಳದ ಮಾತನ್ನು ಹೇಳಿದ.

"ರೆಕಾರ್ಡ್ ರೂಮಿಗೆ ಹೋಗಿ. ಮೇಡಂ ಇದಾರೆ. ಸೂಚಿ ನೋಡಿ ಹುಡುಕ್ತಾರೆ."

"ಇದನ್ನ ಮೊದಲೇ ಹೇಳೋಕೆ ಏನ್ರೀ ಆಗಿತ್ತು ನಿಮಗೆ?"

"ನೀವು ಕೇಳ್ಲಿಲ್ವಲ್ಲ."

ಇಸ್ತ್ರಿಯವನು ಎಳೆದುಕೊಂಡು ಹೋಗದಿದ್ದರೆ ಅಂದಿನ ಕತೆ ಅಲ್ಲೇ, ಬೇರೆ ರೀತಿಯಲ್ಲಿ ಮುಗಿಯುತ್ತಿತ್ತು.

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಹಳೆಯ ಕಾಗದದ, ಒದ್ದೆ ಗೋಡೆಯ ವಾಸನೆ. ಅಲ್ಲಿನ ಮೇಡಂ ನಿವೃತ್ತಿಗೆ ಹತ್ತಿರವಾದವರು. ಕನ್ನಡಕ ಮೂಗಿನ ಮೇಲೊಂದು, ತಲೆಯ ಮೇಲೊಂದು. ರಿಪೇರಿಯ ಬೈಗುಳವನ್ನು ಪೂರ್ತಿ ಕೇಳಿ, ಅದು ತನಗಲ್ಲ ಎಂದು ಖಾತ್ರಿ ಮಾಡಿಕೊಂಡು, ಕೂತುಕೊಳ್ಳಲು ಸ್ಟೂಲು ತೋರಿಸಿದರು.

"ಎರಡು ಸೂಚಿ ಇದಾವಪ್ಪ. ಕೊಂಡವರ ಹೆಸರಿನದೊಂದು, ಮಾರಿದವರ ಹೆಸರಿನದೊಂದು. ನಿಮ್ಮಜ್ಜ ಕೊಂಡವರು. ಆದ್ರೆ ಆ ಕಾಲದ ಕೊಂಡವರನ್ನೆಲ್ಲ ಹುಳ ತಿಂದಿದೆ."

"ಏನಂದ್ರಿ?"

"ಸೂಚಿನ. ಮಾರಿದವರು ಉಳಿದಿದಾರೆ. ಮಾರಿದವರು ಯಾರು ಹೇಳಿ, ತೆಗೆದುಕೊಡ್ತೀನಿ."

ರಿಪೇರಿ ಅಮ್ಮನಿಗೆ ಫೋನ್ ಮಾಡಿದ. ಅಮ್ಮ ಬೆಳೆದದ್ದು ಅದೇ ಮನೆಯಲ್ಲಿ, ಅಜ್ಜ ಎಂದರೆ ಅವಳ ಅಪ್ಪ.

"ಹಲ್ಲಿನ ಡಾಕ್ಟರ ಹತ್ರ ಕೊಂಡಿದ್ದು," ಎಂದಳು ಅಮ್ಮ.

"ಹೆಸರೇನಮ್ಮ?"

"ಹಲ್ಲಿನ ಡಾಕ್ಟ್ರು."

"ಅವರಪ್ಪ ಅಮ್ಮ ಹಲ್ಲಿನ ಡಾಕ್ಟ್ರು ಅಂತ ಹೆಸರಿಟ್ಟಿದ್ರಾ?"

"ನನ್ನ ಮೇಲೆ ಕೂಗ್ಬೇಡ. ನನಗಾಗ ಆರು ವರ್ಷ. ಮನೆ ನೋಡೋಕೆ ಹೋದ ದಿನ ನನ್ನ ಹಲ್ಲು ಕಿತ್ತು ಕಳಿಸಿದ್ರು. ಅದೂ ನೋಯ್ತಿದ್ದ ಹಲ್ಲಲ್ಲ, ಪಕ್ಕದ್ದು. ಎಷ್ಟು ಗಂಟೆ ಈಗ?"

"ಹನ್ನೊಂದೂವರೆ."

"ಐದಕ್ಕೆ ಬಾ."

ಫೋನಿನ ಮಾತು ಮೇಡಂಗೂ ಕೇಳಿಸಿತ್ತು. "ಅಡ್ಡಿಯಿಲ್ಲ, ಆಗ ಹೆಸರಿನ ಜೊತೆ ಕಸುಬನ್ನೂ ಬರೀತಿದ್ರು," ಎಂದು ಪುಸ್ತಕ ತೆರೆದರು. ಅಮ್ಮನ ಆರನೇ ವರ್ಷದಿಂದ ಹುಡುಕಾಟ ಶುರುವಾಯಿತು. ಬಡಗಿ ಮಾರಿದ್ದ, ದಾದಿ ಮಾರಿದ್ದಳು, ಇಬ್ಬರು ಪಾದ್ರಿಗಳು ಮಾರಿದ್ದರು, ಇನ್ನೊಬ್ಬ ಬಡಗಿ ಒಂದೇ ಜಾಗವನ್ನು ಮೂರು ಸಲ ಮಾರಿದ್ದ. ಒಂದು ಗಂಟೆಗೆ ಹಲ್ಲಿನ ವೈದ್ಯ ಸಿಕ್ಕಿದ.

"ಸಂಪುಟ ಹದಿನೇಳು, ಪುಟ ಇನ್ನೂರಹನ್ನೆರಡು," ಎಂದು ಮೇಡಂ ಓದಿದರು. ಸೂಚಿ ಮುಚ್ಚಿಟ್ಟರು.

"ಕೊಡಿ ಮತ್ತೆ ಹದಿನೇಳು!"

"ಹದಿನೇಳು ಕೊಡೋ ಹಾಗಿಲ್ಲಪ್ಪ."

"ಯಾಕೆ? ಅದನ್ನೂ ಹುಳ ತಿಂದಿದ್ಯಾ?"

ಮೇಡಂ ಬೆರಳು ತೋರಿಸಿದರು. ಗೋಡೆಗೆ ಒರಗಿ ಕಬ್ಬಿಣದ ಬೀರು ನಿಂತಿತ್ತು. ಬಾಗಿಲಿಲ್ಲದ, ಆಳೆತ್ತರದ ಬೀರು. ಅದರಲ್ಲಿ ಒಂದರಿಂದ ಹದಿನಾರರವರೆಗಿನ ಸಂಪುಟಗಳಿದ್ದವು. ಬೀರುವಿಗೆ ಮೂರು ಕಾಲಿತ್ತು. ನಾಲ್ಕನೆಯ ಕಾಲಿನ ಜಾಗದಲ್ಲಿ ಸಂಪುಟ ಹದಿನೇಳು ಇತ್ತು.

"ನಾನು ನೌಕರಿಗೆ ಸೇರುವಾಗಲೇ ಹಾಗಿತ್ತು," ಎಂದರು ಮೇಡಂ, ತಪ್ಪು ತನ್ನದಲ್ಲವೆಂಬಂತೆ. "ಬೀರು ಎತ್ತೋಕೆ ಕಟ್ಟಡ ವಿಭಾಗಕ್ಕೆ ಬರೀಬೇಕು. ಅವರು ಬಂದು ಅಳತೆ ತಗೋತಾರೆ. ನಾಲ್ಕು ತಿಂಗಳು ಅನ್ಕೊಳ್ಳಿ."

ರಿಪೇರಿಯ ಕತ್ತು ಕೆಂಪಾಯಿತು. ಅಂಗಿಯ ತೋಳು ಮಡಚಿದ. ಇಸ್ತ್ರಿಯವನತ್ತ ನೋಡಿದ.

"ಸೊಂಟ ಹಿಡ್ಕೊಂಡಿದೆ ಅಣ್ಣ," ಎಂದ ಇಸ್ತ್ರಿಯವನು ತಕ್ಷಣ. "ನೀವು ಎತ್ತಿ. ನಾನು ಧೈರ್ಯ ಹೇಳ್ತೀನಿ."

ರಿಪೇರಿ ಬೀರುವಿನ ಕೆಳತಟ್ಟಿನಡಿ ಭುಜ ಕೊಟ್ಟು, ಹಲ್ಲು ಕಚ್ಚಿ, ಹೆಡ್‌ಮಿಸ್ ಅವರನ್ನು ನೆನೆಸಿಕೊಂಡು ಎತ್ತಿದ. ಬೀರು ನರಳುತ್ತ ನಾಲ್ಕು ಬೆರಳು ಮೇಲೆದ್ದಿತು. ಮೇಡಂ ಸಂಪುಟವನ್ನು ಎಳೆದುಕೊಂಡರು.

"ಆಯ್ತಾ? ಇಳಿಸ್ತೀನಿ!"

"ಇಳಿಸಬೇಡಿ ಇಳಿಸಬೇಡಿ! ಬೀರು ಮಗುಚಿಕೊಳ್ಳುತ್ತೆ. ನಾನು ಓದಿ, ನಕಲು ತೆಗೆದು, ಪುಸ್ತಕ ಅಲ್ಲೇ ಇಡೋವರೆಗೆ ಹಿಡ್ಕೊಂಡಿರಿ."

"ಬೇರೆ ಪುಸ್ತಕ ಇಡಿ!"

"ಬೇರೆ ಪುಸ್ತಕ ಇಡೋದಾ? ಸರ್ಕಾರಿ ದಾಖಲೆನ ಬೀರು ಕೆಳಗೆ ಇಡೋಕಾಗುತ್ತಾ?" ಎಂದು ಮೇಡಂ ನಿಜವಾಗಿಯೂ ನೊಂದುಕೊಂಡರು.

ಕನ್ನಡಕ ಬದಲಾಯಿಸಿದರು. ಸೆರಗಿನಿಂದ ಪುಟ ಒರೆಸಿದರು. ನಿಯಮದ ಪ್ರಕಾರ ಪತ್ರವನ್ನು ಮೊದಲಿಂದ ಕೊನೆಯವರೆಗೆ ಅರ್ಜಿದಾರನಿಗೆ ಓದಿ ಹೇಳಬೇಕು. ನಿಯಮದ ಪ್ರಕಾರ ಓದತೊಡಗಿದರು.

"'ನಾನು ದೃಢಕಾಯನಾಗಿಯೂ ಸ್ವಸ್ಥಚಿತ್ತನಾಗಿಯೂ ಇದ್ದು, ಯಾರ ಒತ್ತಾಯಕ್ಕೂ ಒಳಗಾಗದೆ, ನನ್ನ ಸ್ವಂತ ಬುದ್ಧಿಯಿಂದ...'"

"ಮೇಡಂ, ಓಣಿಗೆ ಬನ್ನಿ!"

"ಬರ್ತೀನಿ. '...ನನ್ನ ಸ್ವಾಧೀನಾನುಭವದಲ್ಲಿರುವ ಮನೆಯನ್ನು, ಅದರ ಬಾಗಿಲು, ಕಿಟಕಿ, ತೊಲೆ, ಜಂತೆ, ನೆಲಗಟ್ಟು ಸಹಿತವಾಗಿ...'"

"ಓಣಿ! ಓಣಿ!"

"ಆತುರ ಮಾಡಿದ್ರೆ ಹೇಗಪ್ಪ? ನಾನಿನ್ನೂ ಅಡುಗೆಮನೆಯಲ್ಲಿದೀನಿ."

ರಿಪೇರಿಯ ಮುಖದಲ್ಲಿ ಬೆವರು ಇಳಿದು ಗಲ್ಲದ ತುದಿಯಲ್ಲಿ ನಿಂತು ತೊಟ್ಟಿಕ್ಕಿತು. ಕಾಲುಗಳು ಹೊಲಿಗೆ ಯಂತ್ರದ ಸೂಜಿಯಂತೆ ನಡುಗತೊಡಗಿದವು. ಇಸ್ತ್ರಿಯವನು ರಟ್ಟಿನ ಚೂರಿನಿಂದ ಗಾಳಿ ಬೀಸುತ್ತ, "ಅಡುಗೆಮನೆ ಆಯ್ತಂತೆ ಅಣ್ಣ, ಹಿತ್ತಲಿಗೆ ಬಂದ್ರು, ಬಂದ್ರು, ಬಂದ್ರು," ಎಂದು ಓಟದ ಪಂದ್ಯದ ವಿವರಣೆಯಂತೆ ಹೇಳುತ್ತಿದ್ದ.

"'ಪಶ್ಚಿಮಕ್ಕೆ,'" ಎಂದು ಮೇಡಂ ನಿಂತರು. ಪುಟ ಹತ್ತಿರ ತಂದರು. "'ಪಶ್ಚಿಮಕ್ಕೆ ಇದೇ ಸ್ವತ್ತಿಗೆ ಸೇರಿದ, ಐದು ಅಡಿ ಅಗಲದ, ರಸ್ತೆಯವರೆಗಿನ ಓಣಿ. ಅದರಾಚೆ ಅನ್ಯರ ಗೋಡೆ.'"

"ಅನ್ಯರ ಗೋಡೆ!" ಎಂದು ರಿಪೇರಿ ಗರ್ಜಿಸಿದ. "ಕೇಳಿದ್ಯೇನೋ? ಗೋಡೆ ಮಾತ್ರ! ಗೋಡೆ ಮಾತ್ರ ಅವರದು!"

ಗರ್ಜನೆಗೆ ಬೀರು ಅಲ್ಲಾಡಿತು. ಸಂಪುಟ ಒಂಬತ್ತು ಮತ್ತು ಹತ್ತು ಒಂದಾದ ಮೇಲೊಂದು ಅವನ ತಲೆಯ ಮೇಲೆ ಬಿದ್ದವು. ಅವನಿಗೆ ನೋವಾಗಲಿಲ್ಲ. ಆ ಹೊತ್ತಿನಲ್ಲಿ ಇಡೀ ಕಚೇರಿ ಬಿದ್ದಿದ್ದರೂ ಆಗುತ್ತಿರಲಿಲ್ಲ.

ಆದರೆ ನಕಲು ಕೈಗೆ ಬಂದಾಗ ಮೇಡಂ ಇನ್ನೊಂದು ಪುಸ್ತಕ ನೋಡಿ ನಾಲಿಗೆಯಲ್ಲಿ ಲೊಚಗುಟ್ಟಿದರು. "ಇಷ್ಟೇ ಸಾಲದಪ್ಪ. ಇದು ಕೊಂಡ ಪತ್ರ. ಹಕ್ಕುದಾರರ ಪುಸ್ತಕದಲ್ಲಿ ಮನೆ ನಿಮ್ಮಮ್ಮನಿಂದ ನಿಮ್ಮ ಹೆಸರಿಗೆ ಬಂದಿದೆ, ಓಣಿ ಬಂದಿಲ್ಲ. ಓಣಿ ಕಾಲಂ ಖಾಲಿ. ಅಜ್ಜ ಬರೆಸೋಕೆ ಮರೆತಿದಾರೆ."

"ಅಂದ್ರೆ?"

"ಓಣಿಗೆ ಸದ್ಯಕ್ಕೆ ಯಾರೂ ದಿಕ್ಕಿಲ್ಲ. ನೀವು ವಾರಸುದಾರ ಅಂತ ಅರ್ಜಿ ಕೊಟ್ಟು ಬರೆಸ್ಬೇಕು. ಫಾರಂ ಬೇಕು, ಮೂರು ಫೋಟೋ ಬೇಕು, ಅದೇ ಬೀದಿಲಿ ಹತ್ತು ವರ್ಷದಿಂದ ಇರೋ ಇಬ್ಬರು ಸಾಕ್ಷಿ ಬೇಕು. ಮೂರೂವರೆಗೆ ಸಾಹೇಬರು ಎದ್ದುಬಿಡ್ತಾರೆ."

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು. ಊಟ ಬಿಟ್ಟ, ಭುಜ ಮುರಿದುಕೊಂಡ, ತಲೆಗೆ ಎರಡು ಸಂಪುಟ ಬೀಳಿಸಿಕೊಂಡ ರಿಪೇರಿ ಸ್ಟೂಲಿನ ಮೇಲೆ ಕುಸಿದ.

ಇಸ್ತ್ರಿಯವನು ಜೇಬಿಗೆ ಕೈಹಾಕಿದ. ಫಾರಂ ತೆಗೆದ. ಅದು ಅರ್ಧ ತುಂಬಿತ್ತು. ಇನ್ನೊಂದು ಜೇಬಿನಿಂದ ಮೂರು ಫೋಟೋ ತೆಗೆದ.

"ನನ್ನ ಫೋಟೋ ನಿನ್ನ ಹತ್ರ ಹೇಗೋ?"

"ಇಸ್ತ್ರಿಗೆ ಕೊಟ್ಟ ಅಂಗಿ ಜೇಬಲ್ಲಿತ್ತಣ್ಣ. ಹೋದ ತಿಂಗಳು."

"ಸಾಕ್ಷಿ?"

"ನಾನೊಬ್ಬ. ಇನ್ನೊಬ್ಬರು..." ಎಂದು ಇಸ್ತ್ರಿಯವನು ಮೆಟ್ಟಿಲ ಕಡೆ ತಿರುಗಿ ಕೂಗಿದ. ಮೇಲಿನ ಬೆಂಚಿನಿಂದ ಬೀದಿಯ ಔಷಧಿ ಅಂಗಡಿಯವರು ಇಳಿದು ಬಂದರು. ಬಗಲಲ್ಲಿ ಛತ್ರಿ, ಕೈಯಲ್ಲಿ ಓದಿ ಮುಗಿಸಿದ ಪತ್ರಿಕೆ. ಬೆಳಿಗ್ಗೆಯಿಂದ ಕೂತವರ ಹಾಗೆ ಕಂಡರು.

"ನೀವೇನ್ ಸಾರ್ ಇಲ್ಲಿ?"

"ಏನಿಲ್ಲಪ್ಪ, ಸುಮ್ನೆ ಬಂದಿದ್ದೆ. ಫ್ಯಾನ್ ಚೆನ್ನಾಗಿದೆ ಇಲ್ಲಿ," ಎಂದರು ಅವರು. "ಎಲ್ಲಿ ಸಹಿ?"

ರಿಪೇರಿಯ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಜನರನ್ನು ತಾನು ಸುಮ್ಮನೆ ಬೈದೆ ಅನ್ನಿಸಿತು.

ಸಾಹೇಬರು ಮೃದು ಮನುಷ್ಯ. ಎದ್ದು ಹೊರಡುವ ಹೊತ್ತಿಗೆ ಬಂದರೂ ಬೇಸರಪಡಲಿಲ್ಲ. ಫಾರಂ ಓದಿದರು, ನಕಲು ಓದಿದರು, ಯಾವ ಓಣಿ ಎಂದು ನೋಡಿ ಹುಬ್ಬೇರಿಸಿದರು. ಪಕ್ಕದ ಕಡತ ತೆಗೆದು ಅದರೊಳಗೆ ಏನನ್ನೋ ನೋಡಿದರು.

"ಸರಿಯಾಗಿ ಯೋಚನೆ ಮಾಡಿದೀರೇನ್ರೀ? ಒಂದು ಜಾಗ ನಿಮ್ಮ ಹೆಸರಿಗೆ ಬಂತು ಅಂದ್ರೆ ಬರೀ ಹಕ್ಕಲ್ಲ. ಅದರ ಮೇಲೆ ಏನೇನಿದೆ, ಅದರ ಕೆಳಗೆ ಏನೇನಿದೆ..."

"ಸಾರ್!" ಎಂದ ರಿಪೇರಿ. "ಬೆಳಿಗ್ಗೆ ಎಂಟರಿಂದ ಎಲ್ಲರೂ ನನಗೆ ಪಾಠ ಹೇಳ್ತಾ ಇದೀರಿ. ಮಿಸ್ ಹೇಳಿದ್ರು, ಮೂರನೇ ಕೌಂಟರ್ ಹೇಳಿದ, ಬೀರು ಹೊತ್ಕೊಂಡು ಒಂದು ಮನೆಯ ಕಿಟಕಿ ಬಾಗಿಲೆಲ್ಲ ಕೇಳಿದೀನಿ. ಅದರ ಮೇಲೆ ಏನಿದ್ರೂ ನಂದು, ಕೆಳಗೆ ಏನಿದ್ರೂ ನಂದು, ಪಾತಾಳದವರೆಗೂ ನಂದು! ಮೊಹರು ಹಾಕ್ತೀರೋ ಇಲ್ವೋ?"

"ಕೆಳಗೆ ಏನಿದೆ ಅಂತ ಹೇಳೋಣ ಅಂತ—"

"ಹಾಕಿ ಸಾರ್!"

ಸಾಹೇಬರು ಹಾಕಿದರು. ಆ ಸದ್ದು ಕೇಳುತ್ತಲೇ ಇಸ್ತ್ರಿಯವನು ಫೋನ್ ಹಿಡಿದು ವರಾಂಡಕ್ಕೆ ಹೋದ. "ಆಯ್ತು ಆಯ್ತು, ಬಿತ್ತು," ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ತನ್ನ ಗೆಲುವನ್ನು ಬೀದಿಗೆ ಸಾರುತ್ತಿದ್ದಾನೆಂದು ರಿಪೇರಿ ತಿಳಿದ. ಅದು ತಪ್ಪೂ ಅಲ್ಲ.

ನಾಲ್ಕೂ ಮುಕ್ಕಾಲಿಗೆ ಮೂವರೂ ಬೀದಿ ಮುಟ್ಟಿದರು. ರಿಪೇರಿ ಕಾಗದವನ್ನು ಎದೆಗೆ ಅಡ್ಡ ಹಿಡಿದು ನಡೆದ. ದಾರಿಯುದ್ದಕ್ಕೂ ಹೆಡ್‌ಮಿಸ್‌ಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಹೊಲಿದುಕೊಂಡಿದ್ದ. ಏಳರ ಮಗ್ಗಿಯನ್ನೂ ಒಮ್ಮೆ ಹೇಳಿಕೊಂಡು ನೋಡಿದ್ದ. ಏಳು ಎಂಟಲ ಐವತ್ತಾರು ಈಗ ಸರಾಗವಾಗಿ ಬಂತು.

ಓಣಿಯ ಬಾಯಲ್ಲಿ ಜನ ಸೇರಿದ್ದರು. ನಡುವೆ ನಗರಸಭೆಯ ಖಾಕಿ ಅಂಗಿಯ ನಾಲ್ಕು ಜನ, ಒಂದು ಕೈಗಾಡಿ, ಅದರ ತುಂಬ ಕೆಂಪು ಬಿಳಿ ಪಟ್ಟೆಯ ಅಡ್ಡಗಟ್ಟೆಗಳು. ಅವರ ಮುಂದಾಳು ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು ಹಿಡಿದು ಸುತ್ತ ನೋಡುತ್ತಿದ್ದ.

"ಈ ಓಣಿ ಮಾಲೀಕರು ಯಾರ್ರೀ?"

ಇಂಥ ಪ್ರಶ್ನೆಯನ್ನು ಯಾರಾದರೂ ಕೇಳಬೇಕೆಂದು ರಿಪೇರಿ ಇಡೀ ದಿನ ಕಾದಿದ್ದ. ಹೆಡ್‌ಮಿಸ್ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಕೇಳಿಸುವಂತೆ, ಆಚೆ ಬೀದಿಗೂ ಕೇಳಿಸುವಂತೆ ಕೂಗಿದ.

"ನಾನು! ನಾನೇ ಮಾಲೀಕ! ಮೊಹರು ಸಮೇತ ಮಾಲೀಕ!"

"ಇಲ್ಲಿ ಸಹಿ ಹಾಕಿ."

ಹಾಕಿದ. ಮಾಲೀಕರು ಹಾಕುವ ಹಾಗೆ, ಉದ್ದನೆಯ ಬಾಲ ಬಿಟ್ಟು ಹಾಕಿದ.

ಜನ ಚಪ್ಪಾಳೆ ತಟ್ಟಿದರು. ಹೆಡ್‌ಮಿಸ್ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಆಮೇಲೆ ಬಂದು, ತಾವೇ ಬೀಗ ತೆಗೆದು, ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಜಾಣ," ಎಂದರು. "ಒಂದೇ ದಿನದಲ್ಲಿ ಮುಗಿಸಿದೆ."

ರಿಪೇರಿ ಹೊಲಿದುಕೊಂಡು ಬಂದ ಮಾತುಗಳೆಲ್ಲ ಬಿಚ್ಚಿಹೋದವು. "ಏನ್ ಮಿಸ್?"

"ಓಣಿ ಅಡಿಲಿ ಎಂಟು ಮನೆ ಚರಂಡಿ ಹರಿಯುತ್ತಲ್ಲೋ. ಒಳಗೆ ಕುಸಿದು ಮೂರು ವರ್ಷ ಆಯ್ತು. ನಮ್ಮ ಅಡುಗೆಮನೆಗೆ ವಾಪಸ್ ಬರುತ್ತೆ. ಹನ್ನೊಂದು ಅರ್ಜಿ ಬರೆದೆ. ಮಾಲೀಕರು ಯಾರು ಅಂತ ಪುಸ್ತಕದಲ್ಲಿ ಇಲ್ಲ, ಮಾಲೀಕರ ಸಹಿ ಇಲ್ದೆ ಅಗೆಯೋ ಹಾಗಿಲ್ಲ ಅಂದ್ರು. ನಮ್ಮ ಪತ್ರದಲ್ಲಿ ಗೋಡೆ ಮಾತ್ರ ಇದೆ. ನಿಮ್ಮಜ್ಜಂದೇ ಇರ್ಬೇಕು ಅಂತ ನನಗೆ ಗೊತ್ತಿತ್ತು. ಆದ್ರೆ ವಾರಸುದಾರ ನೀನು. ನೀನೇ ಹೋಗಿ ಬರೆಸ್ಬೇಕು."

"ನನಗೆ ಹೇಳ್ಬಾರ್ದಿತ್ತಾ?"

"ಮೂರು ಸಲ ಹೇಳಿದೀನಿ. 'ನನಗ್ಯಾಕೆ ಈ ಉಸಾಬರಿ' ಅಂದೆ. ನಿನಗೆ ಸಿಟ್ಟು ಬರಿಸದೆ ಯಾವ ಕೆಲ್ಸ ಆಗಿದೆ ಹೇಳು?"

ರಿಪೇರಿ ಇಸ್ತ್ರಿಯವನನ್ನು ನೋಡಿದ. ಇಸ್ತ್ರಿಯವನು ಔಷಧಿ ಅಂಗಡಿಯವರನ್ನು ನೋಡಿದ. ಔಷಧಿ ಅಂಗಡಿಯವರು ಛತ್ರಿ ಬಿಚ್ಚಿ ಅದರ ಕಡ್ಡಿಗಳನ್ನು ಎಣಿಸತೊಡಗಿದರು.

ಅಷ್ಟರಲ್ಲಿ ಖಾಕಿಯವರು ಕೆಲಸಕ್ಕೆ ಇಳಿದಿದ್ದರು. ಒಂದು ಅಡ್ಡಗಟ್ಟೆ ರಸ್ತೆಯ ಕಡೆ, ಒಂದು ಹಿಂಬಾಗಿಲ ಕಡೆ.

"ಏಯ್, ಏನ್ರೀ ಇದು? ಐದು ಗಂಟೆಗೆ ನಮ್ಮಮ್ಮ ಈ ದಾರಿಲಿ ಹೋಗ್ಬೇಕು!"

"ಈ ದಾರಿಲಿ ಯಾರೂ ಹೋಗೋ ಹಾಗಿಲ್ಲ," ಎಂದ ಮುಂದಾಳು. "ನೀವೇ ಸಹಿ ಹಾಕಿದೀರಲ್ಲ. ಓದ್ಲಿಲ್ವಾ? ಕಾಮಗಾರಿ ಮುಗಿಯೋವರೆಗೆ ಓಣಿಯಲ್ಲಿ ಯಾರೂ ಓಡಾಡದ ಹಾಗೆ ನೋಡ್ಕೊಳ್ಳೋದು ಮಾಲೀಕರ ಜವಾಬ್ದಾರಿ. ಯಾರಾದ್ರೂ ಒಳಗೆ ಬಿದ್ರೆ ನಿಮ್ಮ ಮೇಲೆ ಕೇಸು."

"ಎಷ್ಟು ದಿನ?"

"ಎಂಟು ಮನೆ ಪೈಪು. ಮೂರು ತಿಂಗಳು. ಮಣ್ಣು ಸಡಿಲ ಇದ್ರೆ ನಾಲ್ಕು."

ಹೆಡ್‌ಮಿಸ್ ಮುಖ ಬಿಳುಚಿಕೊಂಡಿತು. "ಎರಡು ದಿನ ಅಂದಿದ್ರಲ್ಲ ನನಗೆ?"

"ಎರಡು ದಿನ ಅಂದಿದ್ದು ಮೂರು ವರ್ಷದ ಹಿಂದೆ ಮಿಸ್."

ಅವನು ಹಾರೆಯ ತುದಿಯಿಂದ ಒಂದು ಚಪ್ಪಡಿಯನ್ನು ತಟ್ಟಿದ. ಟೊಳ್ಳು ಸದ್ದು ಬಂತು. ಮೆಲ್ಲಗೆ ಮೀಟಿದ. ಚಪ್ಪಡಿ ಎರಡಾಗಿ ಒಳಗೆ ಹೋಯಿತು. ಅದು ಕೆಳಗೆ ಬಿದ್ದ ಸದ್ದು ಕೇಳಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಎಂಟು ತಿಂಗಳು, ದಿನಕ್ಕೆರಡು ಸಲ, ಗಾಲಿಕುರ್ಚಿ ಅದೇ ಚಪ್ಪಡಿಯ ಮೇಲೆ ಉರುಳಿತ್ತು.

"ದಿನಾ ಕಿಟಕಿಲಿ ನಿಂತು ನೋಡ್ತಿದ್ದೆ ಕಣೋ," ಎಂದರು ಹೆಡ್‌ಮಿಸ್. ದನಿ ಸಣ್ಣದಾಗಿತ್ತು. "ಕುರ್ಚಿ ದಾಟೋವರೆಗೆ ಉಸಿರು ಬಿಡ್ತಿರ್ಲಿಲ್ಲ."

ರಿಪೇರಿಗೆ ಕೋಪ ಬಂತು. ಕಿವಿ ಕೆಂಪಾಯಿತು, ಕತ್ತು ಕೆಂಪಾಯಿತು. ಹೆಡ್‌ಮಿಸ್ ಮೇಲೆ ಕೂಗಲು ಬಾಯಿ ತೆರೆದ, ಆಗಲಿಲ್ಲ. ಖಾಕಿಯವನ ಮೇಲೆ ಕೂಗಬೇಕೆಂದರೆ ಅವನ ರಟ್ಟಿನ ಮೇಲೆ ತನ್ನದೇ ಸಹಿ ಬಾಲ ಬಿಟ್ಟುಕೊಂಡು ಮಲಗಿತ್ತು. ಅಜ್ಜನಿದ್ದಿದ್ದರೆ ಅವನ ಮೇಲೆ ಕೂಗಬಹುದಿತ್ತು. ಅಷ್ಟು ದೊಡ್ಡ ಕೋಪ, ಹೋಗಲು ಒಂದು ಓಣಿಯಿಲ್ಲದೆ, ನಿಂತಲ್ಲೇ ನಿಂತಿತು.

ಮುಂಬಾಗಿಲ ಹನ್ನೊಂದು ಮೆಟ್ಟಿಲು ಹತ್ತಿ ಒಳಗೆ ಹೋದ. ಅಮ್ಮ ಹಿಂಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದಳು. ತಲೆ ಬಾಚಿಕೊಂಡಿದ್ದಳು. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡಿದ್ದಳು, ಮಡಿಲಲ್ಲಿ ಶಾಲು. ಬಾಗಿಲು ಇನ್ನೂ ಮುಚ್ಚಿತ್ತು.

"ಬಂದ್ಯಾ? ಸಿಕ್ತಾ ಕಾಗದ?"

"ಸಿಕ್ತು."

"ಯಾರದಂತೆ ಓಣಿ?"

"ನಮ್ದೇ ಅಮ್ಮ."

"ನನಗೆ ಗೊತ್ತಿರ್ಲಿಲ್ವಾ? ಇದಕ್ಕೆ ಇಡೀ ದಿನ ಬೇಕಿತ್ತಾ ನಿನಗೆ?" ಎಂದು ಅಮ್ಮ ಶಾಲು ಹೊದ್ದುಕೊಂಡಳು. "ಸರಿ, ಹಲಗೆ ಇಡು. ಐದಾಯ್ತು."

ರಿಪೇರಿ ಕುರ್ಚಿಯ ಹಿಂದೆ ಬಂದು ಹಿಡಿ ಹಿಡಿದ. ಆಮೇಲೆ ಕೈ ಬಿಟ್ಟ.

"ಹೋಗೋಕಾಗಲ್ಲಮ್ಮ."

"ಯಾಕೆ? ಈಗ ಯಾರು ಬೇಡ ಅಂದ್ರು?"

"ಮಾಲೀಕರು," ಎಂದ ರಿಪೇರಿ.